ಶುಗರ್ ಮೆಷಿನ್: ಮೊದಲು ಗಡಿಯಾರ, ಆಮೇಲೆ ರಕ್ತ

ಹೊಸ ಶುಗರ್ ಮೆಷಿನ್ ಬಂದ ದಿನ ಮನೆಮಂದಿಯೆಲ್ಲ ಬೆರಳು ಚುಚ್ಚಿಕೊಳ್ಳುತ್ತಾರೆ. ಪಕ್ಕದ ಮನೆಯವರೂ ಒಂದು ಸ್ಟ್ರಿಪ್ ಖಾಲಿ ಮಾಡಿ ಹೋಗುತ್ತಾರೆ. ಮೆಷಿನ್ ಮಾತ್ರ ಎಲ್ಲವೂ ಒಬ್ಬರದೇ ಎಂದುಕೊಂಡು ಸರಾಸರಿ ಹಾಕುತ್ತದೆ. ಒಂದು ಮೆಷಿನ್ ಒಬ್ಬರಿಗೇ ಇರಲಿ. ಚುಚ್ಚುವ ಸೂಜಿಯನ್ನಂತೂ ಹಂಚಿಕೊಳ್ಳಲೇಬೇಡಿ.

1. ಗಡಿಯಾರ ಸರಿ ಮಾಡಿ. ಜನ ಎಡವುವುದು ಇಲ್ಲೇ. ನಮ್ಮ ಚಿಕ್ಕಪ್ಪ ಸೆಲ್ ಬದಲಿಸಿದಾಗ ಪಿಎಂ ಇದ್ದದ್ದು ಎಎಂ ಆಗಿತ್ತು. ಸಂಜೆ 7ಕ್ಕೆ ಬೋಂಡಾ ತಿಂದಮೇಲೆ ಬಂದ 212, ಬೆಳಿಗ್ಗೆ 7ರ ಖಾಲಿ ಹೊಟ್ಟೆಯ ಲೆಕ್ಕದಲ್ಲಿ ಕೂತಿತ್ತು. ಡಾಕ್ಟರು ಮಾತ್ರೆ ಜಾಸ್ತಿ ಮಾಡಲು ಹೊರಟಿದ್ದರು. ಚಿಕ್ಕಮ್ಮ ಬೋಂಡಾ ವಿಷಯ ಬಾಯಿಬಿಟ್ಟಿದ್ದಕ್ಕೆ ಬಚಾವ್. 24 ಗಂಟೆಯ ಗಡಿಯಾರ ಇದ್ದರೆ ಅದನ್ನೇ ಇಡಿ. ಸೆಲ್ ಬದಲಿಸಿದಾಗಲೆಲ್ಲ ಮೊಬೈಲ್ ಪಕ್ಕದಲ್ಲಿಟ್ಟು ತಾರೀಖು, ವರ್ಷ, ಗಂಟೆ ತಾಳೆ ನೋಡಿ.

2. ಕೈ ತೊಳೆದು, ಒರೆಸಿ, ಚುಚ್ಚಿ. ಮಾವಿನಹಣ್ಣು ಹೆಚ್ಚಿದ ಬೆರಳಿನ ರಸವನ್ನೂ ಮೆಷಿನ್ ರಕ್ತದ ಸಕ್ಕರೆಗೇ ಸೇರಿಸುತ್ತದೆ.

3. ಊಟದ ಗುರುತು ಹಾಕಿ. ಕೆಲವು ಮೆಷಿನ್‌ಗಳಲ್ಲಿ ಇಡೀ ಸೇಬು ಅಂದರೆ ಊಟಕ್ಕೆ ಮುಂಚೆ, ಕಚ್ಚಿದ ಸೇಬು ಅಂದರೆ ಊಟವಾದ ಮೇಲೆ. ಎರಡು ಗಂಟೆ ಎಣಿಸುವುದು ಮೊದಲ ತುತ್ತಿನಿಂದ, ಕೈ ತೊಳೆದ ಮೇಲಲ್ಲ. ಗುರುತು ಹಾಕದಿದ್ದರೆ 170 ಒಳ್ಳೆಯದೋ ಕೆಟ್ಟದ್ದೋ ಯಾರು ಹೇಳಬೇಕು?

4. ಸರಾಸರಿ ನೋಡಿ, ಆದರೆ ಬೀಗಬೇಡಿ. 7, 14, 30 ದಿನದ ಸರಾಸರಿ ಸಿಗುತ್ತದೆ. ಬರೀ ಬೆಳಿಗ್ಗೆ ಪರೀಕ್ಷಿಸಿದರೆ 110 ಅಂತ ಚೆಂದವಾಗಿ ಕಾಣುತ್ತದೆ. ಮಧ್ಯಾಹ್ನ ಅನ್ನ ಉಂಡಮೇಲಿನ 220 ಅದರಲ್ಲಿ ಇರುವುದೇ ಇಲ್ಲ. ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ರಕ್ತಪರೀಕ್ಷೆಯ ರಿಪೋರ್ಟ್ ಬಂದಾಗ ಮುಖ ಸಣ್ಣದಾಗುತ್ತದೆ.

5. ಪರದೆಯಲ್ಲಿ ಹಸಿರು, ಕೆಂಪು ಬಣ್ಣ ತೋರಿಸುವ ಮಿತಿ ಕಂಪನಿ ಇಟ್ಟದ್ದು. ನಿಮ್ಮ ಡಾಕ್ಟರು ಹೇಳಿದ ಮಿತಿ ಹಾಕಿಸಿ. ವಯಸ್ಸಾದವರಿಗೆ ಅದು ಬೇರೆಯೇ ಇರಬಹುದು. ಇನ್ಸುಲಿನ್ ಲೆಕ್ಕ ಹಾಕಿಕೊಡುವ ಮೆಷಿನ್ ಇದ್ದರೆ, ಅದನ್ನು ಡಾಕ್ಟರು ಹೊಂದಿಸಿಕೊಡುವವರೆಗೂ ಮುಟ್ಟಬೇಡಿ.

ಅಗ್ಗಕ್ಕೆ ಸಿಕ್ಕಿತೆಂದು ಹೆಸರೇ ಕೇಳದ ಮೆಷಿನ್ ತರಬೇಡಿ, ಆರು ತಿಂಗಳಿಗೆ ಅದರ ಸ್ಟ್ರಿಪ್ ಸಿಗುವುದಿಲ್ಲ. ಒಂದೇ ಬೆರಳಲ್ಲಿ ಒಮ್ಮೆ 140, ಇನ್ನೊಮ್ಮೆ 152 ಬಂದರೆ ಜಗಳ ಬೇಡ. ಇಂಥ ಮೆಷಿನ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 15197 ಕೂಡ 100ಕ್ಕಿಂತ ಮೇಲೆ ಶೇ 15ರಷ್ಟು ಹೆಚ್ಚುಕಡಿಮೆಯನ್ನು ಒಪ್ಪುತ್ತದೆ.

ಪರದೆಯಲ್ಲಿ ಬರೀ ಎಲ್, ಒ ಬಂದರೆ ಸೆಲ್ ಮುಗಿಯಿತು ಎಂದು ಅಂಗಡಿಗೆ ಓಡುವವರನ್ನು ನೋಡಿದ್ದೇನೆ. ಅದು ಸೆಲ್ ಅಲ್ಲ, ಶುಗರ್! ಸಾಮಾನ್ಯವಾಗಿ 20ಕ್ಕಿಂತ ಕೆಳಗಿದೆ ಎಂದರ್ಥ. ಎಚ್ಚರವಿದ್ದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಚುಚ್ಚಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಎಚ್, ಐ ಬಂದರೆ ಮೆಷಿನ್ ನಿಮಗೆ ಹಾಯ್ ಹೇಳುತ್ತಿಲ್ಲ. ಹೆಚ್ಚಿನವುಗಳಲ್ಲಿ ಅದು 600 ದಾಟಿದ ಸೂಚನೆ. ಕೈ ತೊಳೆದು ಇನ್ನೊಮ್ಮೆ ನೋಡಿ, ಮತ್ತೆ ಅದೇ ಬಂದರೆ ಆಟೊ ಕರೆಯಿರಿ.