ಧರೆಯ ಪಕ್ಕದ ಶಾಲೆ: ಮಲೆನಾಡಿನ ಇಳಿಜಾರಿನಲ್ಲಿ ಕೊಠಡಿ ಕಟ್ಟುವ ಕ್ರಮ

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಶಾಲೆಗೆ ಸಿಗುವ ಜಾಗ ಬಹುಪಾಲು ಗುಡ್ಡದ ಓರೆಯೇ. ಅದಕ್ಕೆ ಬಯಲುಸೀಮೆಗೆ ಹೊಂದುವ ಟೈಪ್ ಪ್ಲಾನ್ (ಎಲ್ಲ ಕಡೆಗೂ ಒಂದೇ ಆದ ಸಿದ್ಧ ನಕ್ಷೆ) ಬರುತ್ತದೆ. ಜೆಸಿಬಿ ಗುಡ್ಡ ಕಡಿದು ಮಟ್ಟ ಮಾಡುತ್ತದೆ, ಕಡಿದ ಮಣ್ಣನ್ನು ಕೆಳಕ್ಕೆ ತಳ್ಳಿ ಅಂಗಳ ಮಾಡುತ್ತಾರೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಹಿಂದೆ ಧರೆ, ಅಂದರೆ ಗುಡ್ಡ ಕಡಿದಲ್ಲಿ ನಿಂತ ಮಣ್ಣಿನ ಗೋಡೆ, ಕುಸಿಯುತ್ತದೆ, ಮುಂದೆ ಜಗಲಿ ಬಿರಿಯುತ್ತದೆ. ಎರಡೂ ಕಡೆ ಕೆಲಸ ಮಾಡುವುದು ನೀರು. ಆದ್ದರಿಂದ ಎಸ್ಟಿಮೇಟಿನಲ್ಲಿ ಚರಂಡಿ ಮತ್ತು ತಡೆಗೋಡೆಯನ್ನು ಮೊದಲು ಬರೆಯಿರಿ. ಮಿಕ್ಕ ಹಣಕ್ಕೆ ಎಷ್ಟು ಕೊಠಡಿ ಬರುತ್ತದೋ ಅಷ್ಟು ಕಟ್ಟಿ.

ಜಾಗ ನೋಡಬೇಕಾದದ್ದು ಜುಲೈ, ಆಗಸ್ಟ್‌ನಲ್ಲಿ. ಬೇಸಿಗೆಯಲ್ಲಿ ಎಲ್ಲ ಗುಡ್ಡವೂ ಗಟ್ಟಿಯಾಗಿಯೇ ಕಾಣುತ್ತದೆ. ಮಳೆ ಬಿಟ್ಟ ಹೊತ್ತಿನಲ್ಲಿ ಜಾಗದಿಂದ ಮೇಲಕ್ಕೆ, ಗುಡ್ಡದ ನೆತ್ತಿಯವರೆಗೂ ನಡೆಯಿರಿ. ಅರ್ಧಚಂದ್ರದ ಆಕಾರದ ಬಿರುಕು, ಬುಡದಲ್ಲಿ ಬಾಗಿ ಮೇಲೆ ನೆಟ್ಟಗಾದ ಮರ, ವಾಲಿದ ಕರೆಂಟ್ ಕಂಬ, ಎಲ್ಲೆಂದರಲ್ಲಿ ಜಲ ಒಸರುವುದು: ಇವುಗಳಲ್ಲಿ ಎರಡು ಕಂಡರೂ ಬೇರೆ ಜಾಗ ಕೇಳಿ. ಹಳ್ಳದ ಬಾಯಿಗೆ ನೇರವಾಗಿರುವ ಜಾಗ ಎಷ್ಟೇ ಮಟ್ಟವಾಗಿದ್ದರೂ ಬೇಡ. ಆ ಮಟ್ಟ ಬಂದದ್ದೇ ಹಿಂದೆ ಕೊಚ್ಚಿಬಂದ ಮಣ್ಣಿನಿಂದ ಇರಬಹುದು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ ಕಡೆ ಗುಡ್ಡ ಇಳಿದದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಕುಸಿತ ನಕ್ಷೆಯನ್ನೂ ನೋಡಿ. ಆದರೆ 1:50,000 ಅಳತೆಯ ಆ ನಕ್ಷೆ ಹೋಬಳಿಯ ಸ್ಥಿತಿ ಹೇಳೀತು, ನಿಮ್ಮ ಸರ್ವೆ ನಂಬರಿನದ್ದನ್ನಲ್ಲ.

ಮೇಲ್ಭಾಗದ ತೋಟದಲ್ಲಿ ಇಂಗುಗುಂಡಿ, ಕೃಷಿಹೊಂಡ ಇದೆಯೇ ಎಂದೂ ವಿಚಾರಿಸಿ. ತೋಟಕ್ಕೆ ಅವು ಒಳ್ಳೆಯವು. ಶಾಲೆಯ ನೆತ್ತಿಯ ಮೇಲೆ ಅಲ್ಲ.

ಮಣ್ಣಿನ ಪರೀಕ್ಷೆಯಲ್ಲಿ ಮೋಸ ಮಾಡುವುದು ಜೇಡಿ, ಕರಾವಳಿಯವರು ಶೇಡಿ ಎನ್ನುವ ಮಣ್ಣು. ಮೇಲೆ ಗಟ್ಟಿಯಾದ ಕೆಂಪು ಮುರ (ಜಂಬಿಟ್ಟಿಗೆ) ಪದರ, ಅದರಡಿ ಬಿಳಿ, ಹಳದಿ, ನಸುಗೆಂಪು ಮಿಶ್ರಿತ ನಯವಾದ ಮಣ್ಣು. ಒಣಗಿದಾಗ ಗುದ್ದಲಿಗೂ ಜಗ್ಗುವುದಿಲ್ಲ, ನೆನೆದರೆ ಹಿಟ್ಟಿನಂತೆ ಕರಗಿ ಹೋಗುತ್ತದೆ. ಮಾರ್ಚ್‌ನಲ್ಲಿ ತೆಗೆದ ಎಸ್‌ಪಿಟಿ (ನೆಲಕ್ಕೆ ಕೊಳವೆ ಬಡಿದು ಗಟ್ಟಿತನ ಅಳೆಯುವ ಪರೀಕ್ಷೆ) ಅಂಕಿಯನ್ನು ಹಾಗೇ ನಂಬಿ ಪಾಯ ಲೆಕ್ಕ ಹಾಕಿದರೆ ಮಳೆಗಾಲದಲ್ಲಿ ಆ ಬಲ ಅಲ್ಲಿರುವುದಿಲ್ಲ. ಮಣ್ಣು ನೋಡಲು ಕನಿಷ್ಠ ಎರಡು ಬೋರ್ ಹಾಕಿಸಿ: ಒಂದು ಮೇಲ್ಗಡೆ, ಇನ್ನೊಂದು ಕೆಳಗಡೆ. ಗಟ್ಟಿ ಪದರ ಸಿಗುವವರೆಗೆ ಇಳಿಯಬೇಕು, ಪ್ರತಿ 1.5 ಮೀಟರ್‌ಗೆ ಎಸ್‌ಪಿಟಿ ಮಾಡಬೇಕು. ಕದಡದ ಮಾದರಿ ತೆಗೆದು, ನೀರಿನಲ್ಲಿ ಪೂರ್ತಿ ನೆನೆಸಿದ ಸ್ಥಿತಿಯಲ್ಲೇ ಶಿಯರ್ ಪರೀಕ್ಷೆ (ಮಣ್ಣು ಜಾರದೆ ತಡೆಯುವ ಬಲದ ಪರೀಕ್ಷೆ) ಮಾಡಬೇಕೆಂದು ಲ್ಯಾಬಿಗೆ ಬರೆದು ಕೊಡಿ. ಕೇಳದಿದ್ದರೆ ಆ ಪರೀಕ್ಷೆ ಆಗದೇ ಹೋಗಬಹುದು. ಒಂದು ಬೋರಿನಲ್ಲಿ ತೂತು ಕೊರೆದ ಪಿವಿಸಿ ಪೈಪು ಬಿಟ್ಟು ಒಂದು ಮಳೆಗಾಲ ನೀರಿನ ಮಟ್ಟ ಅಳೆದರೆ, ಮುಂದಿನ ಎಲ್ಲ ಲೆಕ್ಕಕ್ಕೂ ಅದೇ ಆಧಾರ.

ಕಟ್ಟಡದ ಉದ್ದನೆಯ ಬದಿ ಸಮಮಟ್ಟದ ರೇಖೆಯ (ಗುಡ್ಡದಲ್ಲಿ ಒಂದೇ ಎತ್ತರದಲ್ಲಿ ಸಾಗುವ ಗೆರೆಯ) ಜೊತೆಗೇ ಸಾಗಲಿ. ಅಡ್ಡ ನಿಲ್ಲಿಸಿದರೆ ಕಡಿಯುವ ಮಣ್ಣು ಹಲವು ಪಟ್ಟು ಹೆಚ್ಚುತ್ತದೆ. ಒಂದೇ ಅಂತಸ್ತು ಸಾಕು. ಎರಡೆರಡು ಕೊಠಡಿಯ ಬಿಡಿ ಬ್ಲಾಕ್‌ಗಳಾಗಿ, ಒಂದೊಂದಕ್ಕೂ ಗುಡ್ಡದಲ್ಲಿ ಮೆಟ್ಟಿಲಿನಂತೆ ಒಂದು ಮಟ್ಟ ಮಾಡಿ. ಅರ್ಧ ಕಡಿದ ನೆಲ, ಅರ್ಧ ತುಂಬಿದ ಮಣ್ಣಿನ ಮೇಲೆ ಒಂದೇ ಬ್ಲಾಕ್ ಕೂರಿಸಬಾರದು. ತುಂಬಿದ ಕಡೆ ಕುಗ್ಗುತ್ತದೆ, ಕಡಿದ ಕಡೆ ಅಲುಗುವುದಿಲ್ಲ, ನಡುವೆ ಗೋಡೆ ಸೀಳುತ್ತದೆ. ಪಾಯ ಎಲ್ಲ ಕಡೆಯೂ ಮೂಲ ನೆಲಕ್ಕೇ ಇಳಿಯಬೇಕು. ಅಕ್ಕಪಕ್ಕದ ಫೂಟಿಂಗ್‌ಗಳ (ಪಾಯದ ಅಗಲ ತಳಗಳ) ಮಟ್ಟ ಬೇರೆಯಾದರೆ 2 ಮೀಟರ್ ಅಡ್ಡಕ್ಕೆ 1 ಮೀಟರ್‌ಗಿಂತ ಹೆಚ್ಚು ಇಳಿತ ಬೇಡ. ಫೂಟಿಂಗ್‌ನ ಅಂಚಿನಿಂದ ಇಳಿಜಾರಿನ ಹೊರಮೈಗೆ ಅಡ್ಡದಲ್ಲಿ ಕನಿಷ್ಠ 90 ಸೆಂ.ಮೀ. ಮಣ್ಣು ಉಳಿಯಲಿ.

ಧರೆಯ ಬುಡದಿಂದ ಗೋಡೆಗೆ ಕನಿಷ್ಠ ಧರೆಯ ಎತ್ತರದಷ್ಟೇ ದೂರ ಬಿಡಿ. 4 ಮೀಟರ್ ಧರೆಗೆ 4 ಮೀಟರ್ ಬಿಟ್ಟರೆ ಜಾಗ ವ್ಯರ್ಥವಾಯಿತು ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಯಾರಾದರೂ ಆಕ್ಷೇಪ ತೆಗೆಯುತ್ತಾರೆ, ಬಗ್ಗಬೇಡಿ. ಧರೆ ಕಡಿಯುವುದಾದರೆ 1:1ಕ್ಕಿಂತ (ಒಂದು ಮೀಟರ್ ಅಡ್ಡಕ್ಕೆ ಒಂದು ಮೀಟರ್ ಎತ್ತರ) ಕಡಿದಾಗಿ ಬೇಡ, ಪ್ರತಿ 3 ಮೀಟರ್ ಎತ್ತರಕ್ಕೆ 1.5 ಮೀಟರ್ ಅಗಲದ ಮೆಟ್ಟಿಲು ಇರಲಿ.

ಇನ್ನು ನೀರು. ಗುಡ್ಡದಿಂದ ಹರಿದು ಬರುವ ನೀರು ಹಿಡಿಯುವ ಮೇಲಿನ ಚರಂಡಿ ಧರೆಯ ಮೇಲಂಚಿನಿಂದ 3ರಿಂದ 5 ಮೀಟರ್ ಹಿಂದೆ ಇರಬೇಕು. ಮೇಲ್ಗಡೆ ಅರ್ಧ ಹೆಕ್ಟೇರ್ ಇದ್ದು, ಗಂಟೆಗೆ 100 ಮಿ.ಮೀ. ಬಿರುಸಿನಲ್ಲಿ ಸುರಿದ ಮಳೆಯ ಅರ್ಧ ಹರಿದು ಬಂದರೂ ಸೆಕೆಂಡಿಗೆ ಸುಮಾರು 70 ಲೀಟರ್. 1:50 ಇಳಿಜಾರಿನಲ್ಲಿ 30×30 ಸೆಂ.ಮೀ. ಚರಂಡಿ ಲೆಕ್ಕಕ್ಕೆ ಸಾಕು, ಆದರೆ ಸಿಲ್ವರ್ ಓಕ್ ಎಲೆ ಮತ್ತು ಹೂಳು ಲೆಕ್ಕ ಕೇಳುವುದಿಲ್ಲ, 45×45 ಮಾಡಿ. ಕಲ್ಲು ಅಥವಾ ಕಾಂಕ್ರೀಟ್ ಹಾಸು ಕಡ್ಡಾಯ. ಹಾಸಿಲ್ಲದ ಚರಂಡಿ ನೀರನ್ನು ಧರೆಯ ನೆತ್ತಿಗೇ ಕುಡಿಸುತ್ತದೆ, ಅಂಥದ್ದು ಇಲ್ಲದಿರುವುದೇ ಮೇಲು. ಕೊನೆಯಲ್ಲಿ ನೀರು ಮೆಟ್ಟಿಲಿಳಿದು ನಿಜವಾದ ಹಳ್ಳಕ್ಕೇ ಸೇರಲಿ, ಪಕ್ಕದವರ ತೋಟಕ್ಕಲ್ಲ.

ನೆಲದೊಳಗಿನ ಒಸರಿಗೆ ಕಟ್ಟಡದ ಹಿಂದೆ ಬೇರೆ ಬಸಿಗಾಲುವೆ ಬೇಕು: 60 ಸೆಂ.ಮೀ. ಅಗಲ, 1.2ರಿಂದ 1.5 ಮೀಟರ್ ಆಳ. ಸುತ್ತ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ), ಒಳಗೆ 20–40 ಮಿ.ಮೀ. ಜಲ್ಲಿ, ತಳದಲ್ಲಿ 110 ಮಿ.ಮೀ. ತೂತಿನ ಪೈಪು, ಇಳಿಜಾರು 1:100. ಖರ್ಚು ಉಳಿಸಲು ಬಟ್ಟೆ ಬಿಟ್ಟರೆ ಜೇಡಿ ನುಗ್ಗಿ ಜಲ್ಲಿ ಕಟ್ಟಿಕೊಳ್ಳುತ್ತದೆ. ಮಾಡಿನ ನೀರಿಗೂ ದಾರಿ ಬೇಕು: 200 ಚದರ ಮೀಟರ್ ಮಾಡಿಗೆ ದಿನಕ್ಕೆ 100 ಮಿ.ಮೀ. ಮಳೆ ಬಿದ್ದರೆ 20,000 ಲೀಟರ್. ಅದು ಪಾಯದ ಬುಡಕ್ಕೆ ಸುರಿಯದೆ ಮಾಡಿನಂಚಿನ ದೋಣಿ, ಪೈಪಿನ ಮೂಲಕ ಚರಂಡಿಗೆ ಹೋಗಲಿ. ಶೌಚಾಲಯದ ಗುಂಡಿ, ನೀರಿನ ಟ್ಯಾಂಕು ಮೇಲ್ಗಡೆ ಇರಬಾರದು.

ತಡೆಗೋಡೆ ಬೀಳುವುದು ಸಿಮೆಂಟ್ ಕಡಿಮೆಯಾಗಿಯೇ ಎಂದುಕೊಳ್ಳಬೇಡಿ. 3 ಮೀಟರ್ ಗೋಡೆಯ ಹಿಂದೆ ನೀರು ಪೂರ್ತಿ ನಿಂತರೆ ಒಂದೊಂದು ಮೀಟರ್ ಉದ್ದಕ್ಕೂ ಸುಮಾರು 4.5 ಟನ್ ಒತ್ತಡ, ಮಣ್ಣಿನದ್ದು ಬೇರೆ. ಸೈಜುಗಲ್ಲಿನ ಗೋಡೆಗೆ ತಳದ ಅಗಲ ಎತ್ತರದ ಅರ್ಧಕ್ಕಿಂತ ಕಡಿಮೆ ಬೇಡ. ಹಿಂದಿನ ನೀರು ಹೊರಬಿಡಲು 75ರಿಂದ 100 ಮಿ.ಮೀ. ವೀಪ್ ಹೋಲ್‌ಗಳನ್ನು 1.5 ಮೀಟರ್‌ಗೊಂದರಂತೆ, ಹೊರಕ್ಕೆ ಇಳಿಜಾರಾಗಿ ಕೊಡಿ. ಹಿಂದೆ 30 ಸೆಂ.ಮೀ. ದಪ್ಪ ಜಲ್ಲಿ ಪದರ ಇಲ್ಲದಿದ್ದರೆ ಆ ಪೈಪುಗಳು ಬರೀ ಅಲಂಕಾರ. ಬಣ್ಣ ಬಳಿಯುವಾಗ ಮೇಸ್ತ್ರಿ ತೂತು ಮುಚ್ಚದಂತೆ ಕಾಯಿರಿ. 3 ಮೀಟರ್ ಮೀರಿದರೆ ವಿನ್ಯಾಸವನ್ನು ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಬಿಡಿ. ಕೊಠಡಿಯ ಹಿಂಗೋಡೆಯನ್ನೇ ತಡೆಗೋಡೆ ಮಾಡುವುದಂತೂ ಕೂಡದು.

ಕಟ್ಟಡದಲ್ಲಿ ವಿಶೇಷವೇನಿಲ್ಲ: ಸುತ್ತ ಎಲ್ಲೂ ತುಂಡಾಗದ ಪ್ಲಿಂತ್ ಬೀಮ್ (ಪಾಯದ ಮೇಲಿನ ಕಾಂಕ್ರೀಟ್ ತೊಲೆ), ಬಾಗಿಲು ಕಿಟಕಿಯ ಮೇಲಿನ ಲಿಂಟಲ್ ಮಟ್ಟದಲ್ಲಿ ಇನ್ನೊಂದು, ಹಗುರ ಮಾಡು, ಹೊರಕ್ಕೆ ತೆರೆಯುವ ಎರಡು ಬಾಗಿಲು, ಎರಡೂ ಧರೆಯಿಂದ ದೂರದ ಬದಿಗೆ.

 

ಮಣ್ಣು ಕಡಿಯುವುದು ಡಿಸೆಂಬರ್‌ನಿಂದ ಮಾರ್ಚ್ ಒಳಗೆ. ಮೇ ಮುಗಿಯುವುದರೊಳಗೆ ಚರಂಡಿ, ಗೋಡೆ ಆಗಿರಲೇಬೇಕು. ಆಗದಂತಿದ್ದರೆ ಆ ವರ್ಷ ಕಡಿಯಬೇಡಿ. ಜೂನ್ ಮೊದಲ ಮಳೆಗೆ ಧರೆಯ ಮೇಲೆ ಲಾವಂಚ ನೆಡಿ, ಗಿಡದಿಂದ ಗಿಡಕ್ಕೆ 10–15 ಸೆಂ.ಮೀ. ಅದರ ಬೇರು ಮೇಲ್ಮಣ್ಣು ಹಿಡಿಯುತ್ತದೆ, ಆಳದ ಜಾರುವಿಕೆಯನ್ನಲ್ಲ.

ಶಾಲೆ ನಡೆಯಲು ಶುರುವಾದ ಮೇಲೆ ಗೋಡೆಯ ಬಿರುಕಿನ ಎರಡು ತುದಿಗೂ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯಿರಿ. ಬಿರುಕು ಗೆರೆ ದಾಟಿದರೆ, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ವೀಪ್ ಹೋಲಿನ ತಿಳಿನೀರು ಕೆಸರಾದರೆ ಅಥವಾ ಜೋರು ಮಳೆಯಲ್ಲೂ ನಿಂತುಹೋದರೆ, ಮಕ್ಕಳನ್ನು ಧರೆಯ ಬದಿಯಿಂದ ದೂರ ಕಳಿಸಿ ಜಿಲ್ಲಾ ಸಹಾಯವಾಣಿ 1077ಕ್ಕೆ ತಿಳಿಸಿ.