ಒಂದೇ ಹೆಸರು, ಮೂರು ಲ್ಯಾಪ್‌ಟಾಪ್: ಮನೆಗೆ ಆರಿಸಿದ ನನ್ನ ಅನುಭವ

ನಮ್ಮ ಹಳೇ ಲ್ಯಾಪ್‌ಟಾಪ್ ಕೆಟ್ಟು ನಿಂತಿರಲಿಲ್ಲ. ಆನ್ ಆಗುತ್ತಿತ್ತು, ಕೀಗಳೆಲ್ಲ ಸರಿ ಇದ್ದವು, ಮೈಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ಆದರೂ ಮನೆಯಲ್ಲಿ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಬಟನ್ ಒತ್ತಿ, ಬಟ್ಟೆ ಒಣಹಾಕಿ ಬಂದರೂ ಬ್ರೌಸರ್ ತೆರೆದಿರುತ್ತಿರಲಿಲ್ಲ. ನಮ್ಮನೆಯವರು ಉದ್ದುದ್ದ ಫಾರಂಗಳನ್ನೂ ಕಣ್ಣು ಕಿರಿದು ಮಾಡಿಕೊಂಡು ಫೋನಿನಲ್ಲೇ ತುಂಬುತ್ತಿದ್ದರು. "ಅದು ಆನ್ ಆಗೋಷ್ಟರಲ್ಲಿ ಇದು ಮುಗಿದೇ ಹೋಗುತ್ತೆ ಬಿಡು" ಅನ್ನುತ್ತಿದ್ದರು.

ಅದರಲ್ಲಿ ಇದ್ದದ್ದು 4 ಜಿಬಿ ರ‍್ಯಾಮ್ (ತೆರೆದಿರುವ ಕೆಲಸಗಳನ್ನು ಹಿಡಿದಿಡುವ ತಾತ್ಕಾಲಿಕ ಜಾಗ), 64 ಜಿಬಿ ಸ್ಟೋರೇಜ್. ಆ ಸ್ಟೋರೇಜ್ ಕೂಡ ವೇಗದ ಎಸ್‌ಎಸ್‌ಡಿ ಅಲ್ಲ, ಇಎಂಎಂಸಿ. ಅಗ್ಗದ ಫೋನುಗಳಲ್ಲಿ ಹಾಕುವಂಥ ನಿಧಾನದ ಚಿಪ್ ಅದು. ದೊಡ್ಡ ಅಪ್‌ಡೇಟ್ ಬಂದಾಗೆಲ್ಲ ಜಾಗ ಸಾಲುತ್ತಿರಲಿಲ್ಲ. ಒಮ್ಮೆಯಂತೂ ಜಾಗ ಮಾಡೋಕೆ ಅಂತ ಮಗಳ ಫೋಟೊಗಳನ್ನೆಲ್ಲ ಪೆನ್‌ಡ್ರೈವ್‌ಗೆ ಸಾಗಿಸಿದ್ದೆ. ರ‍್ಯಾಮ್ ಆದರೂ ಹೆಚ್ಚಿಸೋಣ ಅಂತ ರಿಪೇರಿಯವರ ಹತ್ತಿರ ಒಯ್ದೆ. ಅವರು ಹಿಂದಿನ ಮುಚ್ಚಳ ತೆಗೆದು ತೋರಿಸಿದರು. ರ‍್ಯಾಮೂ ಸ್ಟೋರೇಜೂ ಎರಡೂ ಬೋರ್ಡಿಗೇ ಬೆಸುಗೆ ಹಾಕಿದ್ದವು. "ಇದಕ್ಕೆ ಏನೂ ಮಾಡೋಕಾಗಲ್ಲ ಮೇಡಂ" ಅಂದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲವೂ ನಿಂತಿತು. ನಮ್ಮದರ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇರಲಿಲ್ಲ. ಬ್ಯಾಂಕ್ ಕೆಲಸ ಮಾಡುವ ಕಂಪ್ಯೂಟರಿಗೆ ಸೆಕ್ಯುರಿಟಿ ಅಪ್‌ಡೇಟ್ ಬರದಿದ್ದರೆ ಹೇಗೆ? ಹೊಸದು ತರಲೇಬೇಕಾಯಿತು. ಜಾಸ್ತಿ ಖರ್ಚು ಮಾಡುವ ಹಾಗಿರಲಿಲ್ಲ. ಆದರೆ ಈ ಸಲ ಐದಾರು ವರ್ಷವಾದರೂ ಬಾಳಬೇಕು ಅನ್ನುವ ಹಟ ಇತ್ತು.

ಮೊದಲು ನಾನು ಲ್ಯಾಪ್‌ಟಾಪ್ ನೋಡಲೇ ಇಲ್ಲ. ಮೇಜಿನ ಮೇಲೆ ಒಂದು ಹಾಳೆ ಇಟ್ಟೆ. ಕಂಪ್ಯೂಟರ್ ಬೇಕು ಅನ್ನಿಸಿದಾಗೆಲ್ಲ ಯಾಕೆ ಬೇಕಾಯಿತು ಅಂತ ಬರೆಯಿರಿ ಎಂದು ಎಲ್ಲರಿಗೂ ಹೇಳಿದೆ. ಒಂದು ವಾರದಲ್ಲಿ ಹಾಳೆ ತುಂಬಿತು. ಮಗಳ ಆನ್‌ಲೈನ್ ಕ್ಲಾಸ್. ಅತ್ತೆಯ ವಿಡಿಯೊ ಕಾಲ್. ಮನೆ ಲೆಕ್ಕದ ಎಕ್ಸೆಲ್ ಹಾಳೆ. ಬಿಲ್ ಕಟ್ಟೋದು, ಪಿಡಿಎಫ್ ಪ್ರಿಂಟ್ ತೆಗೆಯೋದು, ಫೋಟೊ ಜೋಡಿಸಿಡೋದು, ರಾತ್ರಿ ಒಂದು ಸಿನಿಮಾ. ಗೇಮ್ ಆಡುವವರು ಒಬ್ಬರೂ ಇಲ್ಲ, ವಿಡಿಯೊ ಎಡಿಟಿಂಗ್ ಕೂಡ ಇಲ್ಲ.

ಆಮೇಲೆ ಮಾಡಿದ ಕೆಲಸ ನನಗೆ ತುಂಬಾ ಉಪಯೋಗಕ್ಕೆ ಬಂತು. ನನ್ನ ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ 16 ಜಿಬಿ ರ‍್ಯಾಮ್ ಇದೆ. ಅದರಲ್ಲಿ ಮನೆಯ ಒಂದು ಸಂಜೆಯ ಕೆಲಸವನ್ನೆಲ್ಲ ಒಟ್ಟಿಗೆ ತೆರೆದೆ. ಬ್ರೌಸರ್‌ನಲ್ಲಿ 14 ಟ್ಯಾಬ್, ಒಂದು ವಿಡಿಯೊ ಕಾಲ್, ಒಂದು ಎಕ್ಸೆಲ್, ಒಂದು ದಪ್ಪನೆಯ ಪಿಡಿಎಫ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಯಾವುದು ಎಷ್ಟು ಬಳಕೆಯಾಗುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ಬರುತ್ತದೆ, ಅಲ್ವಾ? ಅದನ್ನು ಪಕ್ಕದಲ್ಲಿಟ್ಟುಕೊಂಡು ಹದಿನೈದು ನಿಮಿಷ ನೋಡುತ್ತಾ ಕೂತೆ. ರ‍್ಯಾಮ್ 9 ಜಿಬಿ ದಾಟಿತು. ಪ್ರೊಸೆಸರ್ ಮಾತ್ರ ಹೆಚ್ಚಿನ ಹೊತ್ತು ಶೇ 20ರ ಆಸುಪಾಸಿನಲ್ಲೇ ಇತ್ತು. ಕಾಲ್ ಶುರುವಾದಾಗ ಮೇಲೆ ಜಿಗಿದು ಮತ್ತೆ ಇಳಿಯಿತು.

ರ‍್ಯಾಮ್ ಜಾಸ್ತಿ ಇದ್ದರೆ ವಿಂಡೋಸ್ ಜಾಸ್ತಿಯನ್ನೇ ಬಳಸಿಕೊಳ್ಳುತ್ತದೆ. ಹಾಗಾಗಿ ಇದೇ ಕೆಲಸ 8 ಜಿಬಿಯಲ್ಲೂ ನಡೆಯುತ್ತದೆ. ಆದರೆ ಹಿಡಿಸದೆ ಉಳಿದದ್ದು ಡಿಸ್ಕಿಗೆ ಹೋಗಿ ವಾಪಸ್ ಬರಬೇಕು. ಟ್ಯಾಬ್ ಬದಲಿಸಿದಾಗ ಒಂದು ಕ್ಷಣ ತಡವರಿಸುವುದು ಅದಕ್ಕೇ. ಇನ್ನೈದು ವರ್ಷಕ್ಕೆ ವೆಬ್‌ಸೈಟುಗಳು ಹಗುರ ಆಗುತ್ತವೆ ಅಂತ ನನಗೆ ಅನ್ನಿಸುವುದಿಲ್ಲ. ನಮಗೆ 16 ಜಿಬಿ ಬೇಕು, ಅಥವಾ ಮುಂದೆ 16 ಮಾಡಿಕೊಳ್ಳುವ ದಾರಿಯಾದರೂ ಇರಬೇಕು ಅಂತ ಅಲ್ಲೇ ತೀರ್ಮಾನಿಸಿದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಸಾಕು ಅನ್ನುತ್ತದೆ ಅಧಿಕೃತ ಪಟ್ಟಿ. ಅಷ್ಟರಲ್ಲಿ ಬದುಕಿ ನೋಡಿದವಳು ನಾನು. ದಯವಿಟ್ಟು ಆ ಕನಿಷ್ಠವನ್ನು ನಂಬಿ ಕೊಳ್ಳಬೇಡಿ.

"ಐ5 ತಗೊಳ್ಳಿ ಅತ್ತಿಗೆ, ಸುಮ್ನೆ ತಲೆ ಕೆಡಿಸ್ಕೋಬೇಡಿ" ಅಂದ ನನ್ನ ಮೈದುನ. ಬಹಳ ಜನ ಹೇಳುವ ಮಾತು ಇದು. ಆದರೆ ಐ3, ಐ5 ಅನ್ನುವ ಪ್ರೊಸೆಸರ್ ಸ್ಟಿಕ್ಕರ್ ಅರ್ಧ ವಿಷಯವನ್ನಷ್ಟೇ ಹೇಳುತ್ತದೆ. ಇಂಟೆಲ್‌ನ ಐ3-1215ಯು ತಗೊಳ್ಳಿ. ಅದರಲ್ಲಿ 6 ಕೋರ್ (ಕೆಲಸ ಮಾಡುವ ಭಾಗಗಳು) ಇವೆ: ಭಾರದ ಕೆಲಸಕ್ಕೆ 2 ದೊಡ್ಡವು, ಹಗುರ ಕೆಲಸಕ್ಕೆ 4 ಚಿಕ್ಕವು. ಐ3-ಎನ್305 ಅನ್ನುವುದೂ ಐ3ನೇ. ಅದರಲ್ಲಿ 8 ಕೋರ್ ಇದ್ದರೂ ಎಲ್ಲವೂ ಚಿಕ್ಕವು. ಇಂಟೆಲ್‌ನದೇ ಎನ್100ರಲ್ಲಿ ಚಿಕ್ಕವು 4 ಮಾತ್ರ. ಬರೀ ಬ್ರೌಸಿಂಗ್, ಸಿನಿಮಾ ಅಂದರೆ ಎನ್100 ಕೂಡ ನಡೆಸುತ್ತದೆ. ವಿಡಿಯೊ ಕಾಲ್ ಜೊತೆಗೆ ನಾಲ್ಕು ಕೆಲಸ ಅಂದರೆ ಆ ಎರಡು ದೊಡ್ಡ ಕೋರ್ ಬೇಕೆನಿಸುತ್ತದೆ.

ಇನ್ನೊಂದು ಕಂಪನಿ ಎಎಂಡಿಯ ರೈಜನ್ 7000 ಪ್ರೊಸೆಸರ್ ಸಾಲಿನಲ್ಲಿ ಸಂಖ್ಯೆಯನ್ನೇ ಓದಬೇಕು. ಮೊದಲ ಅಂಕಿ ವರ್ಷಕ್ಕೆ, ಮೂರನೇ ಅಂಕಿ ಒಳಗಿನ ವಿನ್ಯಾಸಕ್ಕೆ. 7520ಯು ಅಂದರೆ ಹಳೆಯ ಝೆನ್ 2 ವಿನ್ಯಾಸ, 4 ಕೋರ್. 7530ಯು ಅಂದರೆ ಝೆನ್ 3, 6 ಕೋರ್. ಹತ್ತೇ ಸಂಖ್ಯೆಯ ಅಂತರ, ಆದರೆ ಯಂತ್ರ ಬೇರೆಯದೇ. ಎರಡರ ಮೇಲೂ ರೈಜನ್ 5 ಅಂತಲೇ ಇರುತ್ತದೆ.

ಇಷ್ಟು ತಿಳಿದ ಮೇಲೆ ಐ3-1215ಯು ಮಟ್ಟದ್ದು ನಮಗೆ ಸಾಕು, ಉಳಿಯುವ ದುಡ್ಡು ಸ್ಕ್ರೀನಿಗೂ ರ‍್ಯಾಮಿಗೂ ಹೋಗಲಿ ಅಂತ ಲೆಕ್ಕ ಹಾಕಿದೆ. ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ ಓಎಸ್ ಇರುವ ಕ್ರೋಮ್‌ಬುಕ್ ಬಗ್ಗೆಯೂ ಯೋಚಿಸಿದ್ದೆ. 2021ರ ನಂತರ ಬಂದವಕ್ಕೆ 10 ವರ್ಷ ಅಪ್‌ಡೇಟ್ ಸಿಗುತ್ತದೆ, ಅದು ಒಳ್ಳೆಯದೇ. ಆದರೆ ನನ್ನ ಲೆಕ್ಕದ ಹಳೇ ಫೈಲುಗಳು ವಿಂಡೋಸಿನ ಎಕ್ಸೆಲ್‌ನಲ್ಲೇ ಸರಿಯಾಗಿ ತೆರೆಯುತ್ತವೆ. ಅದಕ್ಕೇ ಬಿಟ್ಟೆ.

ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಒಂದು ಮಾದರಿ ಇಷ್ಟವಾಯಿತು. ಅದರ ಹೆಸರಿನಲ್ಲಿ ಹುಡುಕಿದರೆ ಮೂರು ಬೇರೆ ಬೇರೆ ಲ್ಯಾಪ್‌ಟಾಪ್ ಸಿಕ್ಕವು. ಹೆಸರು ಒಂದೇ, ಬಣ್ಣ ಒಂದೇ, ಫೋಟೊ ಕೂಡ ಒಂದೇ. ವ್ಯತ್ಯಾಸ ಇದ್ದದ್ದು ಹೆಸರಿನ ಬಾಲಕ್ಕಿರುವ ಉದ್ದನೆಯ ಕೋಡಿನಲ್ಲಿ. ಆ ಕೋಡ್ ಹಾಕಿ ಕಂಪನಿಯ ಸ್ಪೆಸಿಫಿಕೇಶನ್ ಹಾಳೆ ತೆಗೆದೆ. ಮೊದಲನೆಯದರಲ್ಲಿ 8 ಜಿಬಿ ರ‍್ಯಾಮ್ ಬೋರ್ಡಿಗೆ ಬೆಸುಗೆ ಹಾಕಿದ್ದು, ಇನ್ನೊಂದನ್ನು ಸಿಕ್ಕಿಸುವ ಸ್ಲಾಟ್ ಇಲ್ಲ. ಎರಡನೆಯದರಲ್ಲಿ 8 ಜಿಬಿ ಬೆಸುಗೆಯದ್ದು, ಜೊತೆಗೆ ಒಂದು ಖಾಲಿ ಸ್ಲಾಟ್. ಮೂರನೆಯದರಲ್ಲೂ ಸ್ಲಾಟ್ ಇತ್ತು, ಆದರೆ ಸ್ಕ್ರೀನ್ ಟಿಎನ್ ಜಾತಿಯದು, ಅಂದರೆ ಓರೆಯಿಂದ ನೋಡಿದರೆ ಬಣ್ಣ ಕೆಡುವಂಥದ್ದು; ಹಾಗೆ ಕೆಡದ ಜಾತಿ ಐಪಿಎಸ್.

ಆ ಹಾಳೆ ಓದುವಾಗ ಎರಡು ಪದಗಳ ಮೇಲೆ ಕಣ್ಣಿಟ್ಟಿರಬೇಕು. ಒಂದು "ಅಥವಾ". "ಟಿಎನ್ ಅಥವಾ ಐಪಿಎಸ್" ಅಂತ ಬರೆದಿದ್ದರೆ ನಿಮ್ಮ ಕೈಗೆ ಬರುವುದು ಯಾವುದು ಅಂತ ಕೋಡ್ ನೋಡದೆ ಗೊತ್ತಾಗುವುದಿಲ್ಲ. ಇನ್ನೊಂದು "ವರೆಗೆ". "16 ಜಿಬಿವರೆಗೆ" ಅಂದರೆ ಡಬ್ಬದಲ್ಲಿ 16 ಇದೆ ಅಂತ ಅಲ್ಲ. ಎಲ್ಪಿಡಿಡಿಆರ್ ಅಂತ ಕಂಡರೆ ಅದು ಸಾಮಾನ್ಯವಾಗಿ ಬೆಸುಗೆಯ ರ‍್ಯಾಮ್. ಸೋಡಿಮ್ ಸ್ಲಾಟ್ ಅಂತ ಇದ್ದರೆ ಮುಂದೆ ಹಾಕಿಕೊಳ್ಳಬಹುದು.

ಸ್ಕ್ರೀನನ್ನು ಮಾತ್ರ ಕಣ್ಣಾರೆ ನೋಡಿಯೇ ತೀರ್ಮಾನಿಸಿದೆ. ಅಂಗಡಿಗೆ ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆ. ಎರಡು ಲ್ಯಾಪ್‌ಟಾಪ್ ಅಕ್ಕಪಕ್ಕ ಇಡಿಸಿದೆ. ಎರಡೂ 15.6 ಇಂಚು, ಎರಡೂ 1920×1080. ಎರಡರಲ್ಲೂ ಮಗಳ ಒಂದೇ ಫೋಟೊ ತೆರೆದೆ. ನೇರಕ್ಕೆ ಕೂತು ನೋಡಿದರೆ ಅಂಥ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಎರಡರ ಸ್ಕ್ರೀನನ್ನೂ ನಿಧಾನವಾಗಿ ಹಿಂದಕ್ಕೆ ಬಾಗಿಸುತ್ತಾ ಹೋದೆ. ಟಿಎನ್ ಸ್ಕ್ರೀನಿನಲ್ಲಿ ಮಗಳ ಮುಖ ಕಪ್ಪಾಗುತ್ತಾ ಬಂತು, ಕೆನ್ನೆಯ ಹತ್ತಿರ ಫಿಲಂ ನೆಗೆಟಿವ್ ಥರ ಆಯಿತು. ಮುಂದಕ್ಕೆ ಎಳೆದರೆ ಬಿಳಚಿಕೊಂಡಿತು. ಐಪಿಎಸ್ ಸ್ಕ್ರೀನಿನಲ್ಲಿ ಮುಖ ಹಾಗೇ ಇತ್ತು. "ಇದರಲ್ಲಿ ಮಗು ಮಗು ಥರಾನೇ ಕಾಣ್ತಾಳೆ ಕಣಮ್ಮ" ಅಂದರು ಅತ್ತೆ. ಸ್ಕ್ರೀನಿನ ವಿಷಯ ಅಲ್ಲಿಗೆ ಮುಗಿಯಿತು. ಸೋಫಾದ ಮೇಲೆ ಮೂವರು ಕೂತು ಸಿನಿಮಾ ನೋಡುವ ಮನೆಯಲ್ಲಿ ಪಕ್ಕದಿಂದ ಹೇಗೆ ಕಾಣುತ್ತದೆ ಅನ್ನುವುದು ಚಿಕ್ಕ ವಿಷಯ ಅಲ್ಲ. ಬೆಳಕು 250 ನಿಟ್ಸ್ ಅಂತ ಇತ್ತು. ಮನೆಯೊಳಗೆ ಅಷ್ಟು ಸಾಕು, ಕಿಟಕಿಯ ಬಿಸಿಲಿಗೆ ಸಾಲದು. 300 ಸಿಕ್ಕರೆ ಇನ್ನೂ ಒಳ್ಳೆಯದು.

ಬ್ಯಾಟರಿಗೆ ಬಂದರೆ, ಡಬ್ಬದ ಮೇಲಿನ ಗಂಟೆಯ ಲೆಕ್ಕ ಬಿಟ್ಟು ವ್ಯಾಟ್-ಅವರ್, ಅಂದರೆ ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಹಿಡಿಸುತ್ತದೆ ಅನ್ನುವುದನ್ನು ನೋಡಿದೆ. ನಮ್ಮದು 42. ಬ್ರೌಸಿಂಗ್ ಮಾಡುವಾಗ ಗಂಟೆಗೆ ಸರಾಸರಿ 7 ವ್ಯಾಟ್-ಅವರ್ ಖರ್ಚಾದರೆ 6 ಗಂಟೆ ಬರುತ್ತದೆ. ವಿಡಿಯೊ ಕಾಲ್‌ನಲ್ಲಿ 12ರಂತೆ ಹೋದರೆ ಮೂರೂವರೆ ಗಂಟೆ. ಈಗ ಬಳಸುವಾಗ ಹೆಚ್ಚುಕಡಿಮೆ ಇಷ್ಟೇ ಸಿಗುತ್ತಿದೆ. ಮನೆಯಲ್ಲೇ ಇರುವ ಯಂತ್ರ, ಹತ್ತಿರದಲ್ಲೇ ಪ್ಲಗ್ ಇದೆ. ಆದ್ದರಿಂದ ದೊಡ್ಡ ಬ್ಯಾಟರಿಗೆ ದುಡ್ಡು ಹಾಕಲಿಲ್ಲ. ಅದೇ ಕಾರಣಕ್ಕೆ ತೂಕದ ಚಿಂತೆಯನ್ನೂ ಬಿಟ್ಟು, ಪಕ್ಕದಲ್ಲಿ ನಂಬರ್ ಕೀಗಳಿರುವ ದೊಡ್ಡ ಕೀಬೋರ್ಡ್ ಇರುವುದನ್ನೇ ಆರಿಸಿದೆ. ಲೆಕ್ಕ ಬರೆಯುವವರಿಗೆ ಆ ಕೀಗಳು ಎಷ್ಟು ಮುಖ್ಯ ಅಂತ ಬರೆಯುವವರಿಗೇ ಗೊತ್ತು. ಎಸ್‌ಎಸ್‌ಡಿ 512 ಜಿಬಿ, ಎನ್‌ವಿಎಂಇ ಅನ್ನುವ ವೇಗದ ಜಾತಿಯದು. ವಿಂಡೋಸ್‌ನಲ್ಲಿ 476 ಅಂತ ತೋರಿಸಿದರೆ ಗಾಬರಿ ಬೇಡ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಟೈಪ್-ಸಿ ಪೋರ್ಟ್ ಇದ್ದ ಮಾತ್ರಕ್ಕೆ ಅದರಿಂದ ಚಾರ್ಜ್ ಆಗುತ್ತದೆ ಅಂತಲೂ ಅಲ್ಲ, ಕೇಳಿ ತಿಳಿದುಕೊಳ್ಳಿ.

ಕೊನೆಗೆ ಎರಡನೆಯದನ್ನು, ಅಂದರೆ ಖಾಲಿ ಸ್ಲಾಟ್ ಇರುವ ಐಪಿಎಸ್ ಸ್ಕ್ರೀನಿನದನ್ನು ತಂದೆವು. ಬಿಲ್ ಹಾಕುವ ಮೊದಲು ಡಬ್ಬದ ಮೇಲಿನ ಕೋಡನ್ನು ನಾನು ಕೋಡುಗಳನ್ನು ಬರೆದುಕೊಂಡಿದ್ದ ಹಾಳೆಯ ಜೊತೆ ಅಕ್ಷರ ಅಕ್ಷರ ಹೋಲಿಸಿದೆ. ಮೊದಲು ತಂದಿಟ್ಟ ಡಬ್ಬದಲ್ಲಿ ಕೊನೆಯ ಎರಡು ಅಕ್ಷರ ಬೇರೆ ಇದ್ದವು. "ಎರಡೂ ಒಂದೇ ಮೇಡಂ" ಅಂದರು ಅಂಗಡಿಯವರು. ನಾನು ಹಾಳೆ ತೋರಿಸಿದೆ. ಒಳಗಿಂದ ಬೇರೆ ಡಬ್ಬ ಬಂತು.

ಮನೆಗೆ ಬಂದ ದಿನವೇ ಮಾಡಿದ ಕೆಲಸಗಳು ಕೆಲವು ಇವೆ. ಸೀರಿಯಲ್ ನಂಬರ್ ಹಾಕಿ ವಾರಂಟಿ ಯಾವತ್ತಿನಿಂದ ಶುರುವಾಗಿದೆ ಅಂತ ನೋಡಿದೆ. ಬಿಲ್ಲಿನ ತಾರೀಕಿಗಿಂತ ಹಿಂದಿನದು ಇತ್ತು. ಬಿಲ್ ಕಳಿಸಿ ಸರಿ ಮಾಡಿಸಿಕೊಂಡೆ. ಡಿಸ್ಕಿನಲ್ಲಿರುವುದನ್ನು ಬೇರೆಯವರು ಓದದಂತೆ ಬೀಗ ಹಾಕುವ ಡಿಸ್ಕ್ ಎನ್‌ಕ್ರಿಪ್ಶನ್ ತಾನಾಗೇ ಆನ್ ಆಗಿತ್ತು. ಅದರ ರಿಕವರಿ ಕೀ 48 ಅಂಕಿಯದ್ದು. ಅದು ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಉಳಿದಿರುತ್ತದೆ, ಆದರೂ ಕಾಗದದಲ್ಲಿ ಬರೆದು ಬೀರುವಿನಲ್ಲಿಟ್ಟೆ. ಏನಾದರೂ ಕೆಟ್ಟು ಆ ಕೀ ಕೇಳಿದಾಗ ಅದು ಇಲ್ಲದಿದ್ದರೆ ಫೋಟೊಗಳೆಲ್ಲ ಹೋದ ಹಾಗೇ.

ಎರಡು ತಿಂಗಳ ನಂತರ 8 ಜಿಬಿಯ ಇನ್ನೊಂದು ರ‍್ಯಾಮ್ ತಂದೆ. ಡಿಡಿಆರ್4 ಜಾತಿಯದು, ವೇಗ 3200, ಒಳಗಿರುವುದರದ್ದೇ ವೇಗ. ಮುಚ್ಚಳ ತೆಗೆದರೆ ವಾರಂಟಿ ಹೋಗುವುದಿಲ್ಲ ಅಂತ ಮೊದಲೇ ಕಂಪನಿಯವರನ್ನು ಕೇಳಿ ಖಚಿತ ಮಾಡಿಕೊಂಡಿದ್ದೆ. ಬಿಳಿ ಹಾಳೆಯ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು, ಬಿಚ್ಚಿದ ಸ್ಕ್ರೂಗಳನ್ನು ಅದೇ ಜಾಗದಲ್ಲಿ ಇಡುತ್ತಾ ಹೋದೆ. ಹಿಂಬದಿಯವು ಉದ್ದ, ಮುಂಬದಿಯವು ಗಿಡ್ಡ. ಅದಲುಬದಲಾದರೆ ಉದ್ದದ್ದು ಒಳಗೆ ಚುಚ್ಚುತ್ತದೆ. ಹಳೇ ಎಟಿಎಂ ಕಾರ್ಡಿನ ಅಂಚನ್ನು ಸಂದಿಗೆ ತೂರಿಸಿ ಸುತ್ತ ಎಳೆದಾಗ ಮುಚ್ಚಳ ಟಕ್ ಟಕ್ ಅಂತ ಬಿಟ್ಟುಕೊಂಡಿತು. ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆದೆ. ರ‍್ಯಾಮನ್ನು ಅಂಚಿನಲ್ಲಿ ಹಿಡಿದು, ಸ್ಲಾಟಿಗೆ ಓರೆಯಾಗಿ ತೂರಿಸಿ, ಮೆಲ್ಲಗೆ ಕೆಳಗೆ ಒತ್ತಿದೆ. ಎರಡೂ ಬದಿಯ ಕೊಂಡಿಗಳು ಒಟ್ಟಿಗೆ ಕಚ್ಚಿಕೊಂಡ ಸದ್ದು ಕೇಳಿಸಿತು. ಮೊದಲ ಸಲ ಆನ್ ಆಗೋಕೆ ಮಾಮೂಲಿಗಿಂತ ಜಾಸ್ತಿ ಹೊತ್ತು ಹಿಡಿಯಿತು. ಹೊಸ ರ‍್ಯಾಮನ್ನು ಗುರುತಿಸಲು ಅಷ್ಟು ಸಮಯ ಬೇಕಾಗುತ್ತದೆ. ಆಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ 16 ಜಿಬಿ ಅಂತ ಕಂಡಾಗ ನಮ್ಮನೆಯವರನ್ನು ಕೂಗಿ ಕರೆದು ತೋರಿಸಿದೆ.

ಕೊರತೆ ಇಲ್ಲ ಅಂತಲ್ಲ. ಕ್ಯಾಮೆರಾ 720ಪಿ ಮಾತ್ರ. ಸಂಜೆ ದೀಪ ಮುಖಕ್ಕೆ ಬೀಳುವ ಹಾಗೆ ಕೂರದಿದ್ದರೆ ಅತ್ತೆಯ ಮುಖ ಮಸುಕಾಗಿ ಕಾಣುತ್ತದೆ. ಕೀಬೋರ್ಡಿಗೆ ಬೆಳಕಿಲ್ಲ. ಮತ್ತೆ ಕೊಳ್ಳುವುದಾದರೆ ಬೆಳಕಿನ ಕೀಬೋರ್ಡ್ ಇರುವುದನ್ನೇ ಹುಡುಕುತ್ತೇನೆ, ಮಗಳು ಮಲಗಿದ ಮೇಲೆ ಲೆಕ್ಕ ಬರೆಯುವ ನನಗೆ ಅದು ದಿನಾ ನೆನಪಾಗುತ್ತದೆ. ಕೋಡುಗಳನ್ನು ಬರೆದುಕೊಂಡಿದ್ದ ಆ ಹಾಳೆಯನ್ನು ಈಗ ಮೈದುನ ತೆಗೆದುಕೊಂಡು ಹೋಗಿದ್ದಾನೆ. ಅವನಿಗೂ ಒಂದು ಲ್ಯಾಪ್‌ಟಾಪ್ ಬೇಕಂತೆ.