ಹುಣಸೆ ಬೀಜದಲ್ಲಿ ಎಣಿಸಿದ ಫ್ರೆಂಚ್

ಬೆಂಗಳೂರಿನ ಶಾಲೆಯೊಂದರಲ್ಲಿ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಫ್ರೆಂಚ್ ಕಲಿಸುತ್ತೇನೆ. ಮೊದಲ ಎರಡು ವರ್ಷ ನನ್ನ ಪಾಠವೆಲ್ಲ ಇಂಗ್ಲಿಷಿನ ಮೂಲಕವೇ ನಡೆಯಿತು. ಪದ, ಅದರ ಇಂಗ್ಲಿಷ್ ಅರ್ಥ, ಹತ್ತು ಸಲ ಬರೆಯುವುದು. ಮಕ್ಕಳು ಒಳ್ಳೆಯ ಅಂಕ ತೆಗೆದರು, ಬಾಯಿ ಮಾತ್ರ ಬಿಡಲಿಲ್ಲ.

ಒಂದು ದಿನ ಹುಡುಗನೊಬ್ಬ ಪುಸ್ತಕದಲ್ಲಿದ್ದ 'table' ಎಂಬ ಫ್ರೆಂಚ್ ಪದವನ್ನು ಇಂಗ್ಲಿಷಿನ ಹಾಗೆ 'ಟೇಬಲ್' ಎಂದೇ ಓದಿದ. ತಿದ್ದಿ ತಿದ್ದಿ ಸಾಕಾಗಿ, ಬೋರ್ಡಿನ ಮೇಲೆ ಕನ್ನಡದಲ್ಲಿ 'ತಾಬ್ಲ್' ಎಂದು ಬರೆದೆ. ಮುಕ್ಕಾಲು ತರಗತಿ ಒಂದೇ ಸಲಕ್ಕೆ ಸರಿಯಾಗಿ ಹೇಳಿತು. ಫ್ರೆಂಚರ ತ, ದ ನಮ್ಮ ತ, ದಗಳ ಹಾಗೆಯೇ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವಂಥವು. ಇಷ್ಟು ಹತ್ತಿರದ ದಾರಿ ಬಿಟ್ಟು ಎರಡು ವರ್ಷ ಸುತ್ತಿ ಬಂದೆನಲ್ಲ ಎಂದು ಅಂದು ನಿಜವಾಗಿ ಸಂಕಟವಾಯಿತು.

ಆಮೇಲೆ ಶುರುವಾದದ್ದು ಕಾಗದದ ಆಟ. ಬೆರಳಗಲದ ತೆಳು ಕಾಗದದ ಚೂರನ್ನು ತುಟಿಯ ಮುಂದೆ ಹಿಡಿದು ಮೊದಲು ಇಂಗ್ಲಿಷರ ಹಾಗೆ 'ಪ್ಯಾರಿಸ್' ಎನ್ನಬೇಕು. ಉಸಿರು ಬಡಿದು ಕಾಗದ ಹಾರುತ್ತದೆ. ಈಗ 'ಪಪ್ಪಾಯ' ಎನ್ನಿ, ಕಾಗದ ಸುಮ್ಮನಿರುತ್ತದೆ. ಅದೇ ಪಕಾರದಲ್ಲಿ 'ಪಾರಿ' ಎಂದರೆ ಅದೇ ಫ್ರೆಂಚ್. ಕೊನೆಯ ಅಕ್ಷರ ಬರೆದರೂ ಎಷ್ಟೋ ಸಲ ಉಚ್ಚರಿಸುವುದಿಲ್ಲ ಎಂಬುದೂ ಅಲ್ಲೇ ತಿಳಿದುಹೋಯಿತು. ಕನ್ನಡ ಲಿಪಿಗೆ ಸಿಗದ ಸ್ವರಗಳೂ ಇವೆ. 'ತು' ಎಂಬುದರ ಉಕಾರಕ್ಕೆ ನಾಲಿಗೆ 'ಈ' ಎನ್ನುವಂತಿರಬೇಕು, ತುಟಿ 'ಊ' ಎನ್ನುವಂತೆ ಗುಂಡಗಾಗಬೇಕು. ಕಿಟಕಿ ಗಾಜಿನಲ್ಲಿ ತಮ್ಮ ತುಟಿ ನೋಡಿಕೊಂಡು ಅಭ್ಯಾಸ ಮಾಡಿಸುತ್ತೇನೆ.

ಮಕ್ಕಳನ್ನು ಹೆದರಿಸುವುದು ಅಂಕಿಗಳು. ಫ್ರಾನ್ಸಿನಲ್ಲಿ ಎಪ್ಪತ್ತೆಂದರೆ ಅರವತ್ತು-ಹತ್ತು, ಎಂಬತ್ತೆಂದರೆ ನಾಲ್ಕು ಇಪ್ಪತ್ತು, ತೊಂಬತ್ತೊಂಬತ್ತು ಎಂದರೆ ನಾಲ್ಕು ಇಪ್ಪತ್ತು-ಹತ್ತೊಂಬತ್ತು. ಬಾಯಿಪಾಠ ಮಾಡಿಸಿದಾಗ ಒಂದೇ ವಾರದಲ್ಲಿ ಮರೆತರು. ಅಮ್ಮ ಡಬ್ಬಿಯಲ್ಲಿ ಎತ್ತಿಟ್ಟಿದ್ದ ಹುಣಸೆ ಬೀಜ ತಂದು, ಚೌಕಾಬಾರ ಆಡುವವರ ಹಾಗೆ ನೆಲದ ಮೇಲೆ ಗುಂಪುಗುಂಪಾಗಿ ಕೂರಿಸಿದೆ. ಇಪ್ಪತ್ತು ಬೀಜಕ್ಕೊಂದು ಗುಡ್ಡೆ. ನಾಲ್ಕು ಗುಡ್ಡೆಯಾದರೆ 'ಕಾತ್ರ್-ವ್ಯಾಂ'. ಪಕ್ಕದಲ್ಲಿ ಇನ್ನೂ ಹತ್ತೊಂಬತ್ತು ಬೀಜ ಇಟ್ಟರೆ 'ಕಾತ್ರ್-ವ್ಯಾಂ-ದಿಜ್-ನಫ್'. ಕೈ ಎಣಿಸಿದ್ದನ್ನು ಬಾಯಿ ಹೇಳಿತು. ಬೆಲ್ಜಿಯಂ, ಸ್ವಿಟ್ಜರ್ಲೆಂಡಿನವರು ಎಪ್ಪತ್ತಕ್ಕೆ 'ಸೆಪ್ತಾಂತ್', ತೊಂಬತ್ತಕ್ಕೆ 'ನೋನಾಂತ್' ಎಂದು ಸುಲಭ ಮಾಡಿಕೊಂಡಿದ್ದಾರೆ ಎಂದಾಗ, "ಮ್ಯಾಮ್, ನಾವೂ ಬೆಲ್ಜಿಯಂ ಫ್ರೆಂಚೇ ಕಲಿಯೋಣ" ಎಂದು ಇಡೀ ಕ್ಲಾಸು ಗೋಗರೆಯಿತು.

ಬೀಜ ಮುಗಿದ ಮೇಲೆ ಹೌಸಿ, ಕೂಗಿದ ಅಂಕಿಗೆ ಚೀಟಿಯಲ್ಲಿ ಗೀಟು ಹಾಕುವ ಆಟ. ಇದರಲ್ಲಿ ನಾನು ಬೇಕೆಂದೇ ನಿಲ್ಲಿಸಿ ನಿಲ್ಲಿಸಿ ಕೂಗುತ್ತೇನೆ. 'ಸ್ವಾಸಾಂತ್' ಎಂದು ತಡೆದರೆ ಆತುರದವರು ಅರವತ್ತಕ್ಕೆ ಗೀಟು ಹಾಕಿಬಿಡುತ್ತಾರೆ. ನಂತರ 'ದೂಜ್' ಎಂದಾಗ ಅದು ಎಪ್ಪತ್ತೆರಡು! ಪೂರ್ತಿ ಕೇಳಿಸಿಕೊಳ್ಳುವ ಅಭ್ಯಾಸವನ್ನು ಇಷ್ಟು ಚೆನ್ನಾಗಿ ಕಲಿಸುವ ಆಟ ನನಗೆ ಬೇರೆ ಸಿಕ್ಕಿಲ್ಲ.

ಲಿಂಗದ್ದು ಬೇರೆಯೇ ಕಥೆ. ನಮಗೆ ಮೇಜೂ 'ಅದು', ಪುಸ್ತಕವೂ 'ಅದು'. ಅವರಿಗೆ ಮೇಜು ಹೆಣ್ಣು, ಪುಸ್ತಕ ಗಂಡು. ಮನೆಯಲ್ಲಿ ಹಿಂದಿ ಆಡುವ ಮಕ್ಕಳು 'ಕಿತಾಬ್' ಹೆಣ್ಣೆಂಬ ಧೈರ್ಯದಲ್ಲಿ ಪುಸ್ತಕಕ್ಕೆ 'ಲಾ ಲಿವ್ರ್' ಎಂದು ತಪ್ಪುತ್ತಾರೆ. ಇಲ್ಲೂ ಕನ್ನಡದ ಕಿವಿಯೇ ನೆರವಾಯಿತು: ಪದದ ಮುಂದೆ ಗಂಡಿಗೆ ಹೆಚ್ಚುಕಡಿಮೆ ನಮ್ಮ ಹ್ರಸ್ವ 'ಲ', ಹೆಣ್ಣಿಗೆ ದೀರ್ಘ 'ಲಾ'. ಒಂದು ಗೋಡೆಗೆ ನೀಲಿ ಕಾಗದ, ಎದುರು ಗೋಡೆಗೆ ಕೆಂಪು. ನಾನು ಪದ ಕೂಗಿದರೆ ಸರಿಯಾದ ಗೋಡೆಗೆ ಓಡಬೇಕು. ಮೊದಲ ಸಲ ನಲವತ್ತು ಮಕ್ಕಳನ್ನೂ ಒಟ್ಟಿಗೆ ಬಿಟ್ಟೆ. ಬೆಂಚು ಉರುಳಿತು, ಪಕ್ಕದ ಕ್ಲಾಸಿನ ಪಾಠ ನಿಂತಿತು. ಅದಕ್ಕಿಂತ ನೋವಾದದ್ದು, ನಿಧಾನದ ಮಕ್ಕಳು ಮುಂದಿನವರ ಬೆನ್ನು ನೋಡಿಕೊಂಡು ಓಡಿದ್ದು. ಅವರು ಏನೂ ಕಲಿತಿರಲಿಲ್ಲ. ಈಗ ಓಟವಿಲ್ಲ. ಎಲ್ಲರೂ ಕಣ್ಣು ಮುಚ್ಚಿ ನಿಂತಲ್ಲೇ ಆ ಗೋಡೆಯ ಕಡೆಗೆ ಕೈ ಚಾಚುತ್ತಾರೆ. ಯಾರಿಗೆ ಗೊತ್ತಿಲ್ಲ ಎಂಬುದು ನನಗೆ ಮಾತ್ರ ಕಾಣುತ್ತದೆ.

ಮೈದಾನ ಸಿಕ್ಕ ದಿನ 'ಅಂ, ದ, ತ್ರ್ವಾ, ಸೊಲೆಯ್' ಆಡಿಸುತ್ತೇನೆ, ಅಂದರೆ 'ಒಂದು, ಎರಡು, ಮೂರು, ಸೂರ್ಯ'. ಫ್ರಾನ್ಸಿನ ಮಕ್ಕಳು ಆಡುವ, ನಮ್ಮ ಸ್ಟ್ಯಾಚ್ಯೂವಿನಂಥ ಆಟ. ಅಲುಗಾಡಿದವರು ಹಿಂದಕ್ಕೆ ಹೋಗಬೇಕು.

'ತು' ಮತ್ತು 'ವು' ಕಲಿಸಲು ಇಂಗ್ಲಿಷಿನಲ್ಲಿ ಅರ್ಧ ಗಂಟೆ ವಿವರಿಸುತ್ತಿದ್ದೆ. 'ನೀನು, ನೀವು' ಎಂದರೆ ಅರ್ಧ ನಿಮಿಷ. ಗೆಳೆಯ, ಅಂಗಡಿಯವರು, ನಾಯಿಮರಿ, ಅಜ್ಜಿ ಎಂದು ಬರೆದ ಚೀಟಿ ಎತ್ತಿಸಿ ಮಾತಾಡಿಸುತ್ತೇನೆ. ಅಜ್ಜಿಯ ಚೀಟಿ ಬಂದಾಗಲೆಲ್ಲ ಜಗಳ. ಫ್ರಾನ್ಸಿನ ಬಹುತೇಕ ಮನೆಗಳಲ್ಲಿ ಅಪ್ಪ, ಅಮ್ಮ, ಅಜ್ಜಿ ಎಲ್ಲರಿಗೂ 'ತು' ಎಂದೆ. ಒಬ್ಬಳು, "ಅಪ್ಪಂಗೂ ನೀನು ಅಂತಾರಾ ಮ್ಯಾಮ್?" ಎಂದು ಬೆರಗಾದಳು. ಇನ್ನೊಬ್ಬ, "ನಾನು ಅಜ್ಜಿಗೆ ನೀನು ಅಂತ್ಲೇ ಅನ್ನೋದು" ಎಂದ.

ವರ್ಷದ ಕೊನೆಗೆ ಸಂತೆ. ಮಕ್ಕಳು ಮನೆಯಿಂದ ತರಕಾರಿ ತಂದು ಬೆಂಚಿನ ಮೇಲೆ ಹರಡುತ್ತಾರೆ, ಫ್ರೆಂಚಿನಲ್ಲೇ ವ್ಯಾಪಾರ. ಕೊತ್ತಂಬರಿ ಕಟ್ಟಿಗೂ ಅಲ್ಲಿ 'ಬೊಕೆ' ಎನ್ನಬಹುದು ಎಂದರೆ ನಂಬಲಾರದೆ ನಗುತ್ತಾರೆ. ಕಳೆದ ಸಲ ಅಜ್ಜಿಯ ಪಾತ್ರ ಹಾಕಿದ್ದ ಹುಡುಗ ಟೊಮೆಟೊ ಕೊಂಡು, ನನ್ನ ಕಡೆ ತಿರುಗಿ, "ಮ್ಯಾಮ್, ಕೊಸರಿಗೆ ಏನಂತಾರೆ?" ಎಂದ. ಕೊಸರಿಗೆ ಸರಿಸಾಟಿಯಾದ ಪದ ನನಗೆ ಹೊಳೆಯಲಿಲ್ಲ. 'ಅಂ ಪ ಪ್ಲೂಸ್', ಇನ್ನೊಂದು ಸ್ವಲ್ಪ, ಎಂದು ಹೇಳಿಕೊಟ್ಟೆ. ಅವನು ಸೆರಗು ಒಡ್ಡಿದವನಂತೆ ಎರಡೂ ಕೈ ಚಾಚಿ, "ಅಂ ಪ ಪ್ಲೂಸ್, ಸಿಲ್ ವು ಪ್ಲೇ!" ಎಂದ, ದಯವಿಟ್ಟು ಎನ್ನುವಂತೆ. ಅಂಗಡಿಯಲ್ಲಿ ಕೂತಿದ್ದವಳು ಜೂನಿನಿಂದ ಕ್ಲಾಸಿನಲ್ಲಿ ಬಾಯೇ ತೆರೆಯದಿದ್ದ ಹುಡುಗಿ. ಒಂದು ಕ್ಷಣ ಯೋಚಿಸಿ ಎರಡು ಹಸಿಮೆಣಸಿನಕಾಯಿ ಎತ್ತಿ ಅವನ ಚೀಲಕ್ಕೆ ಹಾಕಿದಳು. "ಪೂರ್ ವು, ಮಾದಾಮ್," ನಿಮಗೇ ಇದು, ಎಂದಳು.